ಟಿವಿಯ ಕಣ್ಣು ಚೆನ್ನಾಗಿದೆ, ತಲೆ ಮಾತ್ರ ಕೆಟ್ಟಿದೆ

ಹೋದ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆಯೇ ಊರಿನಿಂದ ಅಪ್ಪಯ್ಯನ ಫೋನ್. ಅಡಿಕೆಗೆ ಕೊಳೆ ಬಂದಿರಬೇಕು ಎಂದು ಹೆದರಿಕೊಂಡೇ ಎತ್ತಿದೆ. ಕೊಳೆಯ ಸುದ್ದಿಯಲ್ಲ. "ಟಿವಿ ಸತ್ತಿತು" ಎಂದರು. ಸತ್ತಿತು ಎಂದರೆ ಹೇಗೆ ಎಂದು ವಿಚಾರಿಸಿದರೆ, ಟಿವಿ ಹತ್ತುತ್ತದೆ, ಚಂದನ ಬರುತ್ತದೆ, ಯೂಟ್ಯೂಬ್ ಮಾತ್ರ ತೆರೆಯುವುದಿಲ್ಲ. ನನಗೆ ಅದು ಸಣ್ಣ ತೊಂದರೆ. ಆದರೆ ಎಂಬತ್ತರ ಹತ್ತಿರದ ಅಪ್ಪಯ್ಯನಿಗೆ ಟಿವಿ ಎಂದರೆ ಯೂಟ್ಯೂಬ್, ಯೂಟ್ಯೂಬ್ ಎಂದರೆ ಬಡಗುತಿಟ್ಟು ಶೈಲಿಯ ಯಕ್ಷಗಾನದ ಆಟ. ಅಷ್ಟು ಬಿಟ್ಟರೆ ಆ ಪೆಟ್ಟಿಗೆಯಿಂದ ಅವರಿಗೆ ಬೇರೆ ಏನೂ ಆಗಬೇಕಿಲ್ಲ.

2017ರಲ್ಲಿ ಕೊಂಡ 43 ಇಂಚಿನ ಸ್ಮಾರ್ಟ್ ಟಿವಿ ಅದು. ಕೊಂಡ ಎರಡು ವರ್ಷಕ್ಕೇ ಕಂಪನಿಯವರು ಅದರ ತಂತ್ರಾಂಶವನ್ನು ನವೀಕರಿಸುವುದು ಬಿಟ್ಟಿದ್ದರು. ಆ್ಯಪುಗಳು ಒಂದೊಂದಾಗಿ ಉದುರುತ್ತ ಬಂದು ಕೊನೆಗೆ ಯೂಟ್ಯೂಬಿನ ಸರದಿ ಬಂದಿತ್ತು. ಪೇಟೆಯ ಅಂಗಡಿಯವರನ್ನು ಕೇಳಿದರೆ "ಎಂಟು ವರ್ಷ ಬಾಳಿಕೆ ಬಂದಿತಲ್ಲ, ಇನ್ನೇನು ಬೇಕು? ಹೊಸದು ತೆಗೆದುಕೊಂಡುಬಿಡಿ" ಎಂದು ಮೂವತ್ತು ಸಾವಿರದ ಲೆಕ್ಕ ಹೇಳಿದರು. ಊರಿಗೆ ಹೋಗಿ ನೋಡಿದೆ. ಪರದೆಯ ಮೇಲೆ ಒಂದು ಗೀರಿಲ್ಲ, ಬಣ್ಣ ಮಾಸಿಲ್ಲ. ಹಲ್ಲು ಗಟ್ಟಿಯಿರುವ ಎತ್ತನ್ನು ಮಾರುವುದಕ್ಕೆ ಯಾರು ಒಪ್ಪುತ್ತಾರೆ?

ಹೀಗಾಗಿ ಸ್ಮಾರ್ಟ್ ಟಿವಿ ಎಂಬ ಸರಕಿನ ಬಗ್ಗೆಯೇ ನನಗೆ ತಕರಾರು. ಹತ್ತು ಹನ್ನೆರಡು ವರ್ಷ ಬಾಳುವ ಪರದೆಗೆ, ಮೂರು ನಾಲ್ಕು ವರ್ಷಕ್ಕೆ ಮುದಿಯಾಗುವ ಮಿದುಳನ್ನು ಅಂಟಿಸಿ ಮಾರುತ್ತಾರೆ. ಮಿದುಳು ಮುದಿಯಾದಾಗ ಪರದೆಯನ್ನೂ ಗುಜರಿಗೆ ಹಾಕಿಸುತ್ತಾರೆ. ಮಿದುಳನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು ಜಾಣತನ. ಯೂಟ್ಯೂಬಿನಂಥ ಆ್ಯಪುಗಳನ್ನು ತಾನೇ ನಡೆಸುವ, ಟಿವಿಯ ಬೆನ್ನಿಗೆ ಸಿಕ್ಕಿಸುವ ನಾಲ್ಕೈದು ಸಾವಿರದ ಸ್ಟಿಕ್ ಕೆಟ್ಟರೆ, ಅದನ್ನಷ್ಟೇ ಕಿತ್ತು ಇನ್ನೊಂದನ್ನು ಸಿಕ್ಕಿಸಿದರಾಯಿತು.

ಸ್ಟಿಕ್‌ಗಳೇನೂ ಚಿರಂಜೀವಿಗಳಲ್ಲ. ಗೂಗಲ್ 2013ರ ಜುಲೈನಲ್ಲಿ 35 ಡಾಲರಿಗೆ ಕ್ರೋಮ್‌ಕಾಸ್ಟ್ ಎಂಬ ಸ್ಟಿಕ್ ತಂದಾಗ ಅದಕ್ಕೆ ರಿಮೋಟೇ ಇರಲಿಲ್ಲ, ಫೋನೇ ರಿಮೋಟ್. 2024ರಲ್ಲಿ ಆ ಹೆಸರಿನ ಸಾಧನಗಳ ತಯಾರಿಯನ್ನೇ ನಿಲ್ಲಿಸಿದರು. 2025ರ ಮಾರ್ಚ್‌ನಲ್ಲಂತೂ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಲೋಕದ ಎಲ್ಲ ಕಡೆ ಒಟ್ಟಿಗೇ ಕೈಕೊಟ್ಟವು. ಸಾಧನ ಅಸಲಿ ಎಂದು ತೋರಿಸಲು ಒಳಗಿದ್ದ ಡಿಜಿಟಲ್ ಪ್ರಮಾಣಪತ್ರದ ಹತ್ತು ವರ್ಷದ ಅವಧಿ ಮುಗಿದದ್ದು ಕಾರಣ. ಗೂಗಲ್ ಕೆಲವು ದಿನಗಳಲ್ಲಿ ಸರಿಪಡಿಸಿತು, ನಿಜ. ಯಂತ್ರ ಸರಿಯಾಗಿಯೇ ಇತ್ತು, ಕಾಗದದ ಗಡುವು ತೀರಿತ್ತು. ಹಾಗೆ ಕೈಕೊಟ್ಟದ್ದು ಮೂರು ಸಾವಿರದ ವಸ್ತುವಾದರೆ ಬೈದುಕೊಂಡು ಸುಮ್ಮನಿರಬಹುದು, ಮೂವತ್ತು ಸಾವಿರದ್ದಾದರೆ ಆಗುವುದಿಲ್ಲ.

ಸರಿ, ಸ್ಟಿಕ್ ಎಂದು ನಿರ್ಧಾರವಾಯಿತು. ಯಾವುದು? ಇಲ್ಲಿಂದ ಮನೆಮಂದಿಯ ಸಲಹೆಗಳ ಮಳೆ ಶುರು. ಅಮೆರಿಕದಲ್ಲಿರುವ ಅಣ್ಣ "ರೋಕು ತೆಗೆದುಕೊಳ್ಳಿ, ಅದರಷ್ಟು ಸರಳವಾದದ್ದು ಇನ್ನೊಂದಿಲ್ಲ" ಎಂದ. ಅದು ನಮ್ಮಲ್ಲಿ ಮಾರಾಟಕ್ಕೇ ಇಲ್ಲ ಎಂದರೆ "ಹೌದಾ?" ಎಂದು ಸುಮ್ಮನಾದ. ಮಗಳು ಆಪಲ್ ಟಿವಿ ಎಂದಳು. 2022ರಲ್ಲಿ ಬಂದ ಅದರ 4ಕೆ, ಎಂದರೆ ಎಚ್‌ಡಿಗಿಂತ ಸ್ಫುಟವಾದ ಚಿತ್ರದ, ಪೆಟ್ಟಿಗೆಗೆ ಇಲ್ಲಿನ ಬೆಲೆ 14,900 ರೂಪಾಯಿಯಿಂದ ಶುರು, ಇಂಟರ್ನೆಟ್ ತಂತಿ ಸಿಕ್ಕಿಸುವ ಎತರ್‌ನೆಟ್ ಕಿಂಡಿ ಬೇಕೆಂದರೆ 16,900. ಅಪ್ಪಯ್ಯನಿಗೆ ಬೆಲೆ ಗೊತ್ತಾದರೆ ಟಿವಿಯನ್ನೇ ನೋಡುವುದಿಲ್ಲ.

ಎಲ್ಲರಿಗಿಂತ ಜೋರು ನಮ್ಮ ಭಾವನವರದು. ಅವರ ಮನೆಯಲ್ಲಿ ಹೆಸರಿಲ್ಲದ ಒಂದು ಕಪ್ಪು ಆಂಡ್ರಾಯ್ಡ್ ಪೆಟ್ಟಿಗೆಯಿದೆ. ಎರಡು ಸಾವಿರದ ಒಳಗೆ ಬಂದದ್ದು, ರಟ್ಟಿನ ಮೇಲೆ ದೊಡ್ಡದಾಗಿ "8ಕೆ" ಎಂದು ಅಚ್ಚಾಗಿದೆ, "ಎಲ್ಲ ಚಾನೆಲ್ ಜೀವಮಾನವಿಡೀ ಉಚಿತ" ಎಂದು ಮಾರಿದವನು ಭರವಸೆ ಕೊಟ್ಟಿದ್ದಾನೆ. ಅದರಲ್ಲಿ ನೆಟ್‌ಫ್ಲಿಕ್ಸ್ ಹಾಕಿ ನೋಡಿದೆ. ಮುಖಗಳೆಲ್ಲ ಮಂಜಿನಲ್ಲಿ ನಿಂತಂತೆ. ಭಾವ ಇಂಟರ್ನೆಟ್ಟನ್ನು ಬೈದರು. ಇಂಟರ್ನೆಟ್ಟಿನ ತಪ್ಪಲ್ಲ. ಚಿತ್ರಗಳ ಕಳ್ಳನಕಲು ತಡೆಯಲು ವೈಡ್‌ವೈನ್ ಎಂಬ ಬೀಗದ ವ್ಯವಸ್ಥೆಯೊಂದಿದೆ. ಸಾಧನಕ್ಕೆ ಅದರ ಎಲ್1 ದರ್ಜೆ ಸಿಕ್ಕಿಲ್ಲದಿದ್ದರೆ ನೆಟ್‌ಫ್ಲಿಕ್ಸ್‌ನಂಥ ಸೇವೆಗಳು ಅದಕ್ಕೆ ಎಚ್‌ಡಿ ಚಿತ್ರವನ್ನು ಕಳಿಸುವುದೇ ಇಲ್ಲ. ರಟ್ಟಿನ ಮೇಲೆ ಎಂಟು ಕೆ ಇರಲಿ, ಎಂಬತ್ತು ಕೆ ಇರಲಿ.

ಮಂಜಾದರೂ ಪರವಾಗಿಲ್ಲ ಎನ್ನಬಹುದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಇಂಥ ಹೆಸರಿಲ್ಲದ ಪೆಟ್ಟಿಗೆಗಳಲ್ಲಿ ಕಾರ್ಖಾನೆಯಲ್ಲೇ ಕುತಂತ್ರಾಂಶ ತುಂಬಿ ಕಳಿಸಿದ್ದು 2023ರಿಂದ ಮತ್ತೆ ಮತ್ತೆ ಹೊರಬಿದ್ದಿದೆ. ಬ್ಯಾಡ್‌ಬಾಕ್ಸ್ 2.0 ಎಂದು ಕರೆದ ಜಾಲದ ಬಗ್ಗೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2025ರ ಜೂನ್‌ನಲ್ಲಿ ಜನರಿಗೆ ಎಚ್ಚರಿಕೆಯನ್ನೇ ಕೊಟ್ಟಿತು. ನೀವು ಧಾರಾವಾಹಿ ನೋಡುತ್ತಿರುವಾಗ ನಿಮ್ಮ ಮನೆಯ ಇಂಟರ್ನೆಟ್ ಮೂಲಕ ಯಾರೋ ಇನ್ನಾವುದೋ ಕಳ್ಳ ವ್ಯವಹಾರ ನಡೆಸುತ್ತಿರಬಹುದು. ಇದನ್ನು ಭಾವನವರಿಗೆ ಹೇಳಿದೆ. "ನನ್ನ ಮನೆಯಲ್ಲಿ ಕದಿಯಲು ಏನಿದೆ?" ಎಂದರು. ಅದೇ ವೈಫೈನಲ್ಲಿ ಅವರ ಬ್ಯಾಂಕಿನ ಆ್ಯಪ್ ಇರುವ ಫೋನೂ ಇದೆ. ಅಕ್ಕನ ಕಿವಿಗೆ ಹಾಕಿ ಬಂದಿದ್ದೇನೆ, ಕೆಲಸವಾಗುತ್ತದೆ.

ಕೊನೆಗೆ ಅಮೆಜಾನಿನ ಫೈರ್ ಟಿವಿ ಸ್ಟಿಕ್ 4ಕೆ ತೆಗೆದುಕೊಂಡೆ. ಟಿವಿ ಬರೀ ಫುಲ್ ಎಚ್‌ಡಿ, 4ಕೆ ಏಕೆ ಎಂದು ನೀವು ಕೇಳಬಹುದು. ನಾನು ಕೊಂಡದ್ದು ಪರದೆಗೋಸ್ಕರವಲ್ಲ, ವೇಗಕ್ಕೋಸ್ಕರ. ಎಚ್‌ಡಿ ಸ್ಟಿಕ್‌ನಲ್ಲಿ ಇರುವುದು 1 ಜಿಬಿ ರ‍್ಯಾಮ್, ನಾನು ಕೊಂಡ 4ಕೆ ಸ್ಟಿಕ್‌ನಲ್ಲಿ 2 ಜಿಬಿ. ಗುಂಡಿ ಒತ್ತಿ ಎರಡು ಸೆಕೆಂಡ್ ಏನೂ ಆಗದಿದ್ದರೆ ಹಿರಿಯರು ಮತ್ತೆ ಒತ್ತುತ್ತಾರೆ, ಮತ್ತೂ ಒತ್ತುತ್ತಾರೆ. ಆಮೇಲೆ ಮೂರು ಒತ್ತುಗಳೂ ಒಟ್ಟಿಗೇ ಜಾರಿಗೆ ಬಂದು, ಯಕ್ಷಗಾನಕ್ಕೆ ಹೊರಟವರು ಇನ್ಯಾವುದೋ ಚಂದಾ ಕಟ್ಟುವ ಪುಟದಲ್ಲಿ ನಿಂತಿರುತ್ತಾರೆ. ಆ ಹೆಚ್ಚಿನ ಒಂದು ಜಿಬಿಗೆ ನಾನು ಕೊಟ್ಟದ್ದು ನೆಮ್ಮದಿಯ ಬೆಲೆ. ಗೂಗಲ್ ಟಿವಿ ಎಂಬ ತಂತ್ರಾಂಶ ಇರುವ ಒಳ್ಳೆಯ ಕಂಪನಿಯ ಸ್ಟಿಕ್ ಆಗಿದ್ದರೂ ನಡೆಯುತ್ತಿತ್ತು. ಎರಡರ ನಡುವೆ ಫೇಸ್‌ಬುಕ್‌ನಲ್ಲಿ ನಡೆಯುವ ಜಗಳಗಳನ್ನು ನೋಡಿದರೆ ನನಗೆ ನಗು ಬರುತ್ತದೆ.

ನಾನು ಮುಖ್ಯವಾಗಿ ನೋಡಿದ್ದು ರಿಮೋಟನ್ನು. ಟಿವಿಯನ್ನು ಹತ್ತಿಸಿ ಆರಿಸುವ, ಟಿವಿಯದೇ ದನಿ ಏರಿಸಿ ಇಳಿಸುವ ಗುಂಡಿ ಅದರಲ್ಲೇ ಇರಬೇಕು. ಎರಡು ರಿಮೋಟ್ ಇಟ್ಟುಕೊಂಡು ಯಾವುದು ಯಾವುದಕ್ಕೆ ಎಂದು ತಡಕಾಡುವ ಕಷ್ಟ ಮನೆಯಲ್ಲಿ ಹಿರಿಯರಿದ್ದವರಿಗೆ ಗೊತ್ತು. ಇನ್ನು ಆ ನೆಟ್‌ಫ್ಲಿಕ್ಸ್, ಪ್ರೈಮ್ ಎಂದು ಹೆಸರು ಬರೆದ ಗುಂಡಿಗಳು. ಅವು ಜಾಹೀರಾತಿನ ಫಲಕಗಳೇ ಸರಿ, ನಮ್ಮ ಅಂಗೈಯಲ್ಲಿ ನೆಟ್ಟದ್ದು. ನಮ್ಮಲ್ಲಿ ಅವುಗಳ ಮೇಲೆ ಕರೆಂಟಿನ ಕಪ್ಪು ಟೇಪು ಕೂತಿದೆ. ತೆರೆದ ಕೂಡಲೇ ಕಾಣುವ ಮುಖಪುಟವೂ ಸಂತೆಬೀದಿಯೇ. ಸ್ಟಿಕ್ ಇಷ್ಟು ಅಗ್ಗವಾಗಿ ಸಿಗುವುದು ಆ ಬೀದಿಯ ಬಾಡಿಗೆಯಿಂದ. ಸೆಟ್ಟಿಂಗ್‌ನಲ್ಲಿ ಜಾಹೀರಾತಿನ ವಿಡಿಯೋ ತಾನಾಗಿ ಓಡುವುದನ್ನೂ ಸದ್ದು ಮಾಡುವುದನ್ನೂ ನಿಲ್ಲಿಸಲು ಅವಕಾಶವಿದೆ, ಮೊದಲು ಮಾಡಬೇಕಾದ ಕೆಲಸ ಅದು. ಗೂಗಲ್ ಟಿವಿಯಲ್ಲಾದರೆ ಆ್ಯಪುಗಳನ್ನಷ್ಟೇ ತೋರಿಸುವ ಒಂದು ವಿಧಾನವಿದೆ, ಹಿರಿಯರಿಗೆ ಅದು ಹೇಳಿ ಮಾಡಿಸಿದಂತಿದೆ.

ಸಿಕ್ಕಿಸಿದ ಮೊದಲ ದಿನ ಏನೂ ಸರಿಹೋಗಲಿಲ್ಲ. ಅರ್ಧ ಗಂಟೆಗೊಮ್ಮೆ ಸ್ಟಿಕ್ ತಾನಾಗಿ ಆರಿ ಮತ್ತೆ ಹತ್ತುತ್ತಿತ್ತು. ತಪ್ಪು ನನ್ನದೇ. ಪ್ಲಗ್ ಪಾಯಿಂಟ್ ದೂರವಿದೆಯೆಂದು ಟಿವಿಯ ಹಿಂದಿನ ಯುಎಸ್‌ಬಿ ಕಿಂಡಿಯಿಂದಲೇ ಕರೆಂಟು ಕೊಟ್ಟಿದ್ದೆ. ಹಳೆಯ ಟಿವಿಯ ಕಿಂಡಿ ಕೊಡುವುದು ಅರ್ಧ ಆಂಪಿಯರ್, ಸ್ಟಿಕ್ ಕೇಳುವುದು ಒಂದು. ಜೊತೆಗೆ ಬಂದ ಅಡಾಪ್ಟರನ್ನೇ ಗೋಡೆಗೆ ಹಾಕಿದೆ, ಆ ಕಾಟ ತಪ್ಪಿತು.

ಆಮೇಲೆ ವೈಫೈ. ನಮ್ಮ ಮನೆಯದು ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆಯ ಗೋಡೆ. ರೂಟರ್ ಇರುವುದು ಒಳಗಿನ ಕೋಣೆಯಲ್ಲಿ, ಇನ್ವರ್ಟರ್ ಪಕ್ಕ. ಟಿವಿ ಇರುವುದು ಜಗಲಿಯಲ್ಲಿ. ನಡುವೆ ಎರಡು ಗೋಡೆ. 5 ಗಿಗಾಹರ್ಟ್ಜ್ ವೈಫೈ ವೇಗದ್ದು, ಆದರೆ ಗೋಡೆ ಕಂಡರೆ ಬಳಲುತ್ತದೆ. 2.4 ನಿಧಾನದ್ದು, ಆದರೆ ಗೋಡೆ ದಾಟುತ್ತದೆ. ಪೇಟೆಯ ಫ್ಲ್ಯಾಟುಗಳಲ್ಲಿ ಅಕ್ಕಪಕ್ಕದ ಹತ್ತು ಮನೆಯ ವೈಫೈ 2.4ರಲ್ಲಿ ಗದ್ದಲ ಎಬ್ಬಿಸುವುದರಿಂದ ಎಲ್ಲರೂ 5 ಹಾಕಿ ಎನ್ನುತ್ತಾರೆ. ನಮ್ಮ ಪಕ್ಕದ ಮನೆಗೆ ಅರ್ಧ ಮೈಲಿ, ನಡುವೆ ಅಡಿಕೆ ತೋಟ. ನಾನು 2.4 ಹಾಕಿದೆ. ಎಚ್‌ಡಿಗೆ ನೆಟ್‌ಫ್ಲಿಕ್ಸ್ ಕೇಳುವುದೇ 5 ಎಂಬಿಪಿಎಸ್, 4ಕೆಗಾದರೆ 15. ಎಂಟು ಹತ್ತು ಸಿಕ್ಕರೆ ನಮಗೆ ಧಾರಾಳ. ಅದೂ ಮೊದಲು ಸಿಗಲಿಲ್ಲ, ಸ್ಟಿಕ್ ಟಿವಿಯ ಬೆನ್ನಿಗೆ ಒತ್ತಿಕೊಂಡು ಕೂತಿತ್ತು. ಡಬ್ಬಿಯಲ್ಲಿ ಗೇಣುದ್ದಕ್ಕೂ ಕಡಿಮೆಯಿರುವ ಒಂದು ಎಚ್‌ಡಿಎಂಐ ಬಾಲ ಕೊಟ್ಟಿರುತ್ತಾರೆ, ಎಲ್ಲರೂ ಬೇಡದ ವಸ್ತುವೆಂದು ಮೇಜಿನ ಖಾನೆಗೆ ಎಸೆಯುತ್ತಾರೆ, ನಾನೂ ಎಸೆದಿದ್ದೆ. ಅದನ್ನು ಹುಡುಕಿ ತಂದು, ಸ್ಟಿಕ್ ಟಿವಿಯ ಅಂಚಿನಿಂದ ಸ್ವಲ್ಪ ಹೊರಗೆ ಇಣುಕುವಂತೆ ಇಳಿಬಿಟ್ಟೆ. ನಿಂತು ನಿಂತು ಬರುತ್ತಿದ್ದ ಭಾಗವತಿಕೆ ಒಂದೇ ಉಸಿರಿನಲ್ಲಿ ಬಂತು.

ಎಲ್ಲ ಸರಿಹೋಯಿತು ಎಂದುಕೊಂಡರೆ ಅಪ್ಪಯ್ಯ "ಇವನು ಮಂಡಿ ಹಾಕುವಾಗ ಯಾಕೆ ಎಡವುತ್ತಾನೆ?" ಎಂದರು. ವೇಷಧಾರಿ ಮಂಡಿಯೂರಿ ಗಿರಗಿರನೆ ತಿರುಗುವ ಆ ಕುಣಿತವನ್ನು ಎರಡು ಮೂರು ಸಲ ಹಾಕಿ ನೋಡಿದೆ. ಹೌದು, ಸುತ್ತಿನ ನಡುವೆ ಕೂದಲೆಳೆಯಷ್ಟು ತಡೆ. ಐವತ್ತು ವರ್ಷ ರಾತ್ರಿಯಿಡೀ ಗದ್ದೆಯಲ್ಲಿ ಕೂತು ಆಟ ನೋಡಿದ ಕಣ್ಣಿಗೆ ಅದು ಕಂಡಿದೆ, ನನಗೆ ಕಂಡಿರಲಿಲ್ಲ. ಕಾರಣ ಸರಳ. ನಮ್ಮಲ್ಲಿನ ಹಳೆಯ ವಿಡಿಯೋಗಳು ಹೆಚ್ಚಾಗಿ ಸೆಕೆಂಡಿಗೆ 25 ಚೌಕಟ್ಟುಗಳವು, ಎಂದರೆ 25 ಬಿಡಿ ಚಿತ್ರಗಳವು, ನಮ್ಮ ದೂರದರ್ಶನದ ಪದ್ಧತಿಯೇ ಅದು. ಸ್ಟಿಕ್ ಟಿವಿಗೆ ಕಳಿಸುತ್ತಿದ್ದದ್ದು ಸೆಕೆಂಡಿಗೆ 60. ಇಪ್ಪತ್ತೈದನ್ನು ಅರವತ್ತಕ್ಕೆ ಸಮನಾಗಿ ಹಂಚಲು ಬರುವುದಿಲ್ಲ. ಒಂದು ಚೌಕಟ್ಟು ಎರಡು ಸಲ, ಇನ್ನೊಂದು ಮೂರು ಸಲ ಬೀಳುತ್ತದೆ. ತಾಳ ತಪ್ಪುವುದು ಅಲ್ಲೇ. ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ 1080ಪಿ 50 ಹರ್ಟ್ಜ್, ಎಂದರೆ ಸೆಕೆಂಡಿಗೆ 50, ಆರಿಸಿದೆ. ಈಗ ಪ್ರತಿಯೊಂದೂ ಎರಡೆರಡು ಸಲ. ಅಪ್ಪಯ್ಯ ಏನೂ ಹೇಳಲಿಲ್ಲ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದರು. ಯಾವ ವಿಮರ್ಶೆಯ ವಿಡಿಯೋದಲ್ಲೂ ಇದನ್ನು ಯಾರೂ ಹೇಳಿದ್ದನ್ನು ನಾನು ನೋಡಿಲ್ಲ, ಎಲ್ಲರೂ ಡಾಲ್ಬಿಯ ಗುಣಗಾನದಲ್ಲೇ ಮುಳುಗಿರುತ್ತಾರೆ.

ಅಂದ ಹಾಗೆ, ಸ್ಟಿಕ್ ಹಾಕಿದ ಮೇಲೆ ಟಿವಿಯದೇ ವೈಫೈ ಸಂಪರ್ಕವನ್ನು ಕಿತ್ತುಹಾಕಿದೆ. ಪರದೆಯ ಮೇಲೆ ಏನು ಓಡುತ್ತಿದೆ ಎಂಬುದನ್ನು ಗುರುತಿಸಿ ಕಂಪನಿಗೆ ವರದಿ ಒಪ್ಪಿಸುವ ಟಿವಿಗಳಿವೆ. ಅಮೆರಿಕದಲ್ಲಿ ವಿಜಿಯೋ ಎಂಬ ಟಿವಿ ಕಂಪನಿ ಈ ಬಗೆಯ ಆರೋಪಕ್ಕೆ 2017ರಲ್ಲಿ 22 ಲಕ್ಷ ಡಾಲರ್ ತೆತ್ತು ರಾಜಿಯಾಯಿತು. ಸ್ಟಿಕ್‌ನವರು ನೋಡುವುದಿಲ್ಲವೇ? ನೋಡುತ್ತಾರೆ. ಇಣುಕುವವರು ಇಬ್ಬರಿದ್ದದ್ದು ಒಬ್ಬರಾದರು, ಅಷ್ಟೇ.

ಅಮ್ಮನ ಬೇಡಿಕೆ ಬೇರೆ. ಅವಳಿಗೆ ಚಂದನದಲ್ಲಿ ನಾ. ಸೋಮೇಶ್ವರ ಅವರ ರಸಪ್ರಶ್ನೆ ತಪ್ಪುವ ಹಾಗಿಲ್ಲ. 2002ರಲ್ಲಿ ಶುರುವಾದದ್ದು, ಅಂದಿನಿಂದ ಇವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಉತ್ತರ ಹೇಳುತ್ತಲೇ ಇದ್ದಾಳೆ. ತಪ್ಪಿದ ದಿನದ್ದನ್ನು ಯೂಟ್ಯೂಬಿನಲ್ಲಿ ಹುಡುಕಿ ನೋಡಬಹುದು ಎಂದು ತೋರಿಸಿದೆ. "ಮುಗಿದುಹೋದ ಪ್ರಶ್ನೆಗೆ ಉತ್ತರ ಹೇಳಿ ಏನು ಪ್ರಯೋಜನ?" ಎಂದಳು. ಆದ್ದರಿಂದ ಛಾವಣಿಯ ಮೇಲಿನ ಡಿಶ್ ತಟ್ಟೆಯನ್ನು ಇಳಿಸಿಲ್ಲ. ಎಲ್ಲವೂ ಸ್ಟಿಕ್‌ನಲ್ಲೇ ಇದೆ, ತಟ್ಟೆ ಏಕೆ ಎನ್ನುವವರ ಮಾತು ಕೇಳಬೇಡಿ. ಗುಡುಗು ಮಿಂಚಿಗೆ ಫೈಬರ್ ಹೋದರೆ ಮಲೆನಾಡಿನಲ್ಲಿ ಮತ್ತೆ ಬರಲು ಮೂರು ದಿನ.

ಒಂದು ಕೊರತೆ ಮಾತ್ರ ನಿಜವಾಗಿ ಚುಚ್ಚುವಂಥದ್ದು. ಮೈಕಿನ ಗುಂಡಿ ಒತ್ತಿ ಬೇಕಾದದ್ದನ್ನು ಕೇಳಬಹುದು ಎಂದು ಅಪ್ಪಯ್ಯನಿಗೆ ಉತ್ಸಾಹದಿಂದ ಹೇಳಿಕೊಟ್ಟೆ. ಅವರು ಗಂಟಲು ಸರಿಮಾಡಿಕೊಂಡು, ಸಭೆಯಲ್ಲಿ ಮಾತಾಡುವವರಂತೆ, "ಬಡಗುತಿಟ್ಟು ಯಕ್ಷಗಾನ ಹಾಕು" ಎಂದರು. ಪರದೆಯ ತುಂಬ ಬ್ಯಾಡ್ಮಿಂಟನ್ ಪಂದ್ಯಗಳು. ಇನ್ನೊಂದು ಸಲ ನಿಧಾನವಾಗಿ ಹೇಳಿದರು. ಮತ್ತೆ ಬ್ಯಾಡ್ಮಿಂಟನ್. "ಇದಕ್ಕೆ ನಮ್ಮ ಭಾಷೆ ಬರುವುದಿಲ್ಲವೋ, ಕಿವಿ ಕೇಳುವುದಿಲ್ಲವೋ?" ಎಂದು ಕೇಳಿದರು. ನಾನು ಏನು ಹೇಳಲಿ? ಹದಿನೈದು ಮೇಳಗಳ ವಿಡಿಯೋ ಹುಡುಕಿ ಒಂದು ಪಟ್ಟಿ ಮಾಡಿಟ್ಟು ಬಂದೆ.

ಹೊರಡುವ ದಿನ ಅಮ್ಮ ತನ್ನ ಹಣೆಗಿಡುವ ಸ್ಟಿಕರಿನ ಹಾಳೆಯಿಂದ ಒಂದು ಕೆಂಪು ಬೊಟ್ಟನ್ನು ಕಿತ್ತು ಮನೆಯ ಚಿತ್ರವಿರುವ ಗುಂಡಿಯ ಮೇಲೆ ಅಂಟಿಸಿದಳು, ದಾರಿ ತಪ್ಪಿದಾಗ ಇದನ್ನು ಒತ್ತಿ ಎಂದು. ಮೊನ್ನೆ ಹಬ್ಬಕ್ಕೆ ಹೋದಾಗ ರಿಮೋಟಿನ ಮೇಲೆ ಎರಡನೆಯ ಬೊಟ್ಟೂ ಇತ್ತು, ಕಪ್ಪನೆಯದು, ಮೈಕಿನ ಗುಂಡಿಯ ಮೇಲೆ. ಇದು ಯಾವುದಕ್ಕೆ ಎಂದು ಕೇಳಿದೆ. ಅಮ್ಮ ಅಡುಗೆಮನೆಯಿಂದಲೇ ಹೇಳಿದಳು, "ಅದನ್ನು ಒತ್ತಬಾರದು ಎಂದು ಗುರುತು. ಒತ್ತಿದರೆ ಚೆಂಡಾಟ ಬರುತ್ತದೆ."