ಅಕಿಕಿಕಿಗೆ ಮೇಲೇರಲು ಜಾಗವಿಲ್ಲ

ಹವಾಯಿಯ ಕವಾಯಿ ದ್ವೀಪದ ಅಕಿಕಿಕಿ ಹಕ್ಕಿಯ ನೆಲೆ ಕುಗ್ಗಿದ್ದು ಕಾಡು ಕಡಿದಿದ್ದರಿಂದ ಎಂದಿದೆ ನಾನು ಓದಿದ ಒಂದು ಲೇಖನ. ಇದು ಅರ್ಧ ಸತ್ಯ. ಒಳ್ಳೆಯ ಕಾಡು ಉಳಿದ ಕಡೆಯೂ ಹಕ್ಕಿ ಇಲ್ಲ. ಮುಖ್ಯ ಕಾರಣ ಹಕ್ಕಿಗಳಿಗೆ ತಗಲುವ ಮಲೇರಿಯಾ. ಅದನ್ನು ಹರಡುವುದು ನಮ್ಮ ಚರಂಡಿಗಳಲ್ಲಿ ಹುಟ್ಟಿ ಆನೆಕಾಲು ರೋಗ ತರುವ ಕ್ಯೂಲೆಕ್ಸ್ ಸೊಳ್ಳೆಯೇ.

ಸುಮಾರು 13 ಡಿಗ್ರಿಗಿಂತ ಕೆಳಗೆ ಈ ರೋಗಾಣು ಸೊಳ್ಳೆಯ ಮೈಯಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಕವಾಯಿಯ ಅಲಕಾಯಿ ಪ್ರಸ್ಥಭೂಮಿಯ ತಂಪು ಎತ್ತರ ಬಹುಕಾಲ ಹಕ್ಕಿಗಳನ್ನು ಕಾಪಾಡಿತು. ಈಗ ಅಲ್ಲೂ ಬಿಸಿ ಏರಿದೆ. ಹವಾಯಿಯದೇ ಮಾವಿ ದ್ವೀಪದಲ್ಲಿ 3,000 ಮೀಟರ್ ದಾಟುವ ಪರ್ವತವಿದೆ. ಕವಾಯಿಯ ತುತ್ತತುದಿಯೇ 1,598 ಮೀಟರ್.

ಕಾಡುಹಂದಿಗಳನ್ನೂ ಲೇಖನ ಮರೆತಿದೆ. ಅವು ಮರದೆತ್ತರದ ಜರೀಗಿಡಗಳನ್ನು ಉರುಳಿಸಿ, ಕಾಂಡ ಬಗೆದು, ಒಳಗಿನ ಪಿಷ್ಟ ತಿನ್ನುತ್ತವೆ. ಆ ಪೊಳ್ಳಿನಲ್ಲಿ ಮಳೆನೀರು ನಿಂತು ಸೊಳ್ಳೆಮರಿಗಳಾಗುತ್ತವೆ. ಹಂದಿ ತಡೆಯಲು ಬೇಲಿ ಬೇಕೇ ಬೇಕು, ಆದರೆ ಅದೊಂದೇ ಸಾಲದು. ತೊರೆಯಂಚಿನ ಬಂಡೆಗುಳಿಗಳಲ್ಲೂ ನೀರು ನಿಲ್ಲುತ್ತದೆ.

ಕೀಟಗಳ ಮೈಯಲ್ಲಿರುವ ವೊಲ್ಬಾಕಿಯಾ ಬ್ಯಾಕ್ಟೀರಿಯಾದ, ಕಾಡಿನ ಸೊಳ್ಳೆಗಳಲ್ಲಿಲ್ಲದ ಬೇರೆ ತಳಿ ಹೊತ್ತ ಗಂಡು ಸೊಳ್ಳೆ ಬಿಡುವ ಉಪಾಯವೇ ನನ್ನ ಪ್ರಕಾರ ಸರಿ. ಗಂಡು ಕಚ್ಚುವುದಿಲ್ಲ, ಅದರೊಂದಿಗೆ ಕೂಡಿದ ಕಾಡಿನ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಎಡವಟ್ಟಾಗುವುದು ಲಿಂಗ ಬೇರ್ಪಡಿಸುವಾಗ: ಅದೇ ತಳಿಯ ಹೆಣ್ಣುಗಳು ನುಸುಳಿದರೆ ಆ ಸಂತತಿ ನೆಲೆಯೂರಿ, ಬಿಟ್ಟ ಗಂಡುಗಳೆಲ್ಲ ನಿಷ್ಪ್ರಯೋಜಕವಾಗುತ್ತವೆ. ಕೆಳಗಿನ ಊರುಗಳಿಂದ ಸೊಳ್ಳೆ ಮತ್ತೆ ಏರಿಬರುವುದರಿಂದ ಒಮ್ಮೆ ಬಿಟ್ಟು ಕೈತೊಳೆದುಕೊಳ್ಳುವಂತೆಯೂ ಇಲ್ಲ.