ಬಟನ್ ತುಂಬ ಚೆಂದ ಇದೆ, ಒತ್ತಿದರೆ ಮುಂದಕ್ಕೆ ಹೋಗುವುದಿಲ್ಲ

ಇವತ್ತಿನ ರಿವ್ಯೂ ಕಾಲ್ ಮುಗಿಸಿ ನೇರ ಇಲ್ಲಿಗೆ ಬಂದಿದ್ದೇನೆ. ಕೋಪ ಇನ್ನೂ ಇಳಿದಿಲ್ಲ. ಇಳಿದ ಮೇಲೆ ಕೂತರೆ ನಯವಾಗಿ ಬರೆದುಬಿಡುತ್ತೇನೆ, ಅದು ಬೇಡ.

ನನ್ನ ಕೆಲಸ ವೆಬ್‌ಸೈಟು ಕಟ್ಟುವುದು ಅಂತ ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದವರು ನನ್ನ ಹಳೆಯ ಗೋಳಾಟಗಳನ್ನು ಓದಿಕೊಳ್ಳಿ. ಈಗ ಕೈಯಲ್ಲಿರುವುದು ಮಲೆನಾಡಿನ ಕಡೆಯ ಒಂದು ಸಹಕಾರ ಸಂಘದ ವೆಬ್‌ಸೈಟು. ಹೆಸರು ಕೇಳಬೇಡಿ, ಹೇಳುವುದಿಲ್ಲ. ಸದಸ್ಯರು ಹೆಚ್ಚುಕಮ್ಮಿ ಎಲ್ಲರೂ ಅಡಿಕೆ ಬೆಳೆಗಾರರು. ಅವರು ಕೇಳಿದ್ದು ಇಷ್ಟೇ: ಸದಸ್ಯತ್ವದ ಅರ್ಜಿ ಮತ್ತು ಸಾಲದ ಅರ್ಜಿ ಮೊಬೈಲಲ್ಲೇ ತುಂಬುವ ಹಾಗಿರಬೇಕು, ಕನ್ನಡದಲ್ಲೂ ಇರಬೇಕು.

ಕಾಲ್‌ನಲ್ಲಿ ಏನು ಚರ್ಚೆ ನಡೆಯಿತು ಗೊತ್ತಾ? ಬಟನ್ನಿನ ಮೂಲೆ 6 ಪಿಕ್ಸೆಲ್ ದುಂಡಗಿರಬೇಕೋ 8 ಪಿಕ್ಸೆಲ್ ದುಂಡಗಿರಬೇಕೋ ಅಂತ. ಎರಡನ್ನೂ ಅಕ್ಕಪಕ್ಕ ಇಟ್ಟು, ದೊಡ್ಡದು ಮಾಡಿ, ದೂರದಿಂದ ನೋಡಿ, ಹತ್ತಿರದಿಂದ ನೋಡಿ. ಆಮೇಲೆ ಹಸಿರು ಬಣ್ಣ. ಈ ಹಸಿರು ಸ್ವಲ್ಪ 'ಬ್ಯಾಂಕ್ ಥರ' ಇದೆಯಂತೆ, ಇನ್ನೂ ಸ್ವಲ್ಪ 'ತೋಟದ ಥರ' ಬೇಕಂತೆ. ತೋಟವನ್ನು ರೆಸಾರ್ಟಿಗೆ ಹೋದಾಗ ಕಿಟಕಿಯಿಂದ ನೋಡಿದವರು ಹೇಳುವ ಮಾತು ಇದು. ಪರವಾಗಿಲ್ಲ, ಸಹಿಸಿಕೊಂಡೆ.

ನನ್ನ ಸರದಿ ಬಂದಾಗ ಕನ್ನಡ ಪೇಜು ತೆರೆದು ತೋರಿಸಿದೆ. ಅದೇ ಬಟನ್, ಅದೇ ದುಂಡು ಮೂಲೆ. ಒಳಗೆ 'ಅರ್ಜಿ ಸಲ್ಲಿಸಿ' ಅಂತ ಇದೆ. ಇರಬೇಕಿತ್ತು. 'ಲ್ಲಿ'ಯ ಒತ್ತು ಅರ್ಧಕ್ಕೆ ಕತ್ತರಿಸಿಹೋಗಿದೆ. ಕಾರಣ ಏನೂ ಬ್ರಹ್ಮವಿದ್ಯೆ ಅಲ್ಲ. ಬರಹ ಉದ್ದವಾದರೆ ಕೊನೆಗೆ ನೀಟಾಗಿ ಮೂರು ಚುಕ್ಕಿ ಬರಲಿ ಅಂತ ಓವರ್‌ಫ್ಲೋ ಹಿಡನ್ ಹಾಕಿದ್ದಾರೆ, ಅಂದರೆ ಚೌಕಟ್ಟಿನ ಆಚೆ ಹೋದದ್ದು ಕಾಣುವುದಿಲ್ಲ. ಲೈನ್ ಹೈಟ್, ಅಂದರೆ ಸಾಲಿನ ಎತ್ತರ, ಅಕ್ಷರದ ಅಳತೆಯ 1 ಪಟ್ಟು ಮಾತ್ರ ಇಟ್ಟಿದ್ದಾರೆ. ಇಂಗ್ಲಿಷಿಗೆ ಅದು ಸಾಕು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಇಳಿದದ್ದು ಕಟ್ ಆಗುತ್ತದೆ. ತಲೆಬರಹಗಳಲ್ಲಿ ಇನ್ನೊಂದು ಅವತಾರ: 'ರಾಷ್ಟ್ರೀಕೃತ' ಅಂತ ಬರೆದರೆ 'ಷ್ಟ್ರೀ'ಯ ಬಾಲ ಹೋಗಿ ಕೆಳಗಿನ ಸಾಲಿನ ತಲೆಕಟ್ಟಿಗೆ ಗುದ್ದುತ್ತದೆ. ಲೈನ್ ಹೈಟನ್ನು 1.5ರ ಆಸುಪಾಸಿಗೆ ಏರಿಸಿದರೆ ಮುಗಿಯಿತು. ಪೇಜಿನ ರೂಪ ಹೇಳುವ ಕೋಡು ಸಿಎಸ್‌ಎಸ್‌ನಲ್ಲಿ ಒಂದು ಸಾಲು.

ಬಂದ ಉತ್ತರ: "ಗುರೂ, ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡು. ಲೈನ್ ಹೈಟ್ ಜಾಸ್ತಿ ಮಾಡಿದ್ರೆ ಇಂಗ್ಲಿಷ್ ಪೇಜಲ್ಲಿ ಗ್ಯಾಪ್ ಬರುತ್ತೆ. ಕನ್ನಡದ್ದು ಫೇಸ್ ಟೂನಲ್ಲಿ ನೋಡೋಣ."

ಎರಡು ಪಿಕ್ಸೆಲ್ ದುಂಡಿಗೆ ಅಷ್ಟು ಹೊತ್ತು ತಲೆ ಕೆಡಿಸಿಕೊಂಡವರು ನನಗೆ ಪ್ರಾಕ್ಟಿಕಲ್ ಆಗು ಅನ್ನುತ್ತಾರೆ! ಕನ್ನಡಕ್ಕೆ ಬೇರೆ ಲೈನ್ ಹೈಟ್ ಕೊಡಬಹುದು, ಯಾವ ಭಾಷೆಯದು ಅಂತ ಹೇಳಲು ಪೇಜಿಗೆ ಲ್ಯಾಂಗ್ ಅಂತ ಒಂದು ಗುರುತು ಇರುತ್ತದೆ, ಅದರ ಮೇಲೆ ನಿಯಮ ಬರೆದರೆ ಇಂಗ್ಲಿಷ್ ಪೇಜಿನ ಒಂದು ಕೂದಲೂ ಕೊಂಕುವುದಿಲ್ಲ. ಇದು ಅವರಿಗೂ ಗೊತ್ತು. ಫೇಸ್ ಟೂ, ಅಂದರೆ ಎರಡನೇ ಹಂತ, ಏನು ಅಂತ ನನಗೂ ಗೊತ್ತು. ಈ ಫೀಲ್ಡಲ್ಲಿ ಇಷ್ಟು ವರ್ಷ ಇದ್ದೇನೆ, ಫೇಸ್ ಟೂವನ್ನು ಕಣ್ಣಾರೆ ಕಂಡವರನ್ನು ನಾನು ಇನ್ನೂ ಕಂಡಿಲ್ಲ.

ಒತ್ತಕ್ಷರ ಹಾಳಾಗಿಹೋಗಲಿ. ಜನ ಹೇಗೋ ಓದಿಕೊಳ್ಳುತ್ತಾರೆ. ಫಾರ್ಮಿನ ಕಥೆ ಕೇಳಿ.

ಫಾರ್ಮಿನಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಬಾಕ್ಸ್. ಎರಡೂ ಕಡ್ಡಾಯ. ಲಾಸ್ಟ್ ನೇಮಿಗೆ ಕನಿಷ್ಠ ಮೂರು ಅಕ್ಷರ, ಅದೂ ಇಂಗ್ಲಿಷಿನ ಎ ಇಂದ ಝಡ್‌ವರೆಗೆ ಮಾತ್ರ. ಚುಕ್ಕಿ ಹಾಕುವ ಹಾಗಿಲ್ಲ, ಜಾಗ ಬಿಡುವ ಹಾಗಿಲ್ಲ. ಈಗ 'ಮಂಜುನಾಥ ಎಚ್. ಕೆ.' ಏನು ಮಾಡಬೇಕು? ಎಚ್ ಅಂದರೆ ಊರು, ಕೆ ಅಂದರೆ ಅಪ್ಪ. ಲಾಸ್ಟ್ ನೇಮ್ ಅನ್ನೋದು ಅವರ ಮನೆಯಲ್ಲಿ ಯಾರಿಗೂ ಇಲ್ಲ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೀಗೇ ಅಲ್ವಾ? ಎಚ್ ಕೆ ಅಂತ ತುಂಬಿದರೆ ಕೆಂಪಕ್ಷರದಲ್ಲಿ 'ದಯವಿಟ್ಟು ಸರಿಯಾದ ಹೆಸರು ನೀಡಿ' ಅಂತ ಬರುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರು, ಆಧಾರಿನಲ್ಲಿ ಇರುವ ಹೆಸರು. ಅದು ಸರಿಯಿಲ್ಲ ಅಂತ ಹೇಳಲು ಇವರು ಯಾರು ಸ್ವಾಮಿ?

ಇದನ್ನೂ ಎತ್ತಿದೆ. 'ಎಡ್ಜ್ ಕೇಸ್', ಅಂದರೆ ಎಲ್ಲೋ ಅಪರೂಪಕ್ಕೆ ಬರುವಂಥದ್ದು, ಅಂದರು. ಸಂಘದ ಸದಸ್ಯರ ಪಟ್ಟಿ ನಮ್ಮ ಹತ್ತಿರವೇ ಇದೆ. ತೆರೆದು ನೋಡಿದರೆ ಕಣ್ಣು ಹಾಯಿಸಿದಷ್ಟೂ ಎಡ್ಜ್ ಕೇಸುಗಳೇ. ಆದರೆ ಪಟ್ಟಿ ತೆರೆದವರು ಯಾರು? ಸೈಟು ಪರೀಕ್ಷಿಸಲು ಅಂತ ತುಂಬಿದ ನಮ್ಮ ಟೆಸ್ಟ್ ಡೇಟಾದಲ್ಲಿ ಇರುವುದು ಇಂಗ್ಲಿಷಿನವರ ಸುಳ್ಳು ಹೆಸರುಗಳು: ಜಾನ್ ಡೋ, ಜೇನ್ ಸ್ಮಿತ್. ಅಡಿಕೆ ಬೆಳೆಯುವ ಜಾನ್ ಡೋ!

ಟೀಮಿನಲ್ಲಿ ಒಬ್ಬ ಹೊಸ ಹುಡುಗ ಇದ್ದಾನೆ, ಪಾಪ, ಒಳ್ಳೆಯವನು. ಕಾಲ್ ಮುಗಿಯುವುದರೊಳಗೆ ಫಿಕ್ಸ್ ಮಾಡಿ ತಂದ. "ಸರ್, ಈಗ ಯಾವ ಭಾಷೆ ಬೇಕಾದ್ರೂ ತಗೊಳುತ್ತೆ" ಅಂದ. ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ 'ಲೆಟರ್' ಅಂತ ಒಂದು ವರ್ಗ ಇದೆ, ಆ ವರ್ಗದ್ದು ಏನೇ ಬಂದರೂ ಬಿಡು ಅಂತ ಬರೆದಿದ್ದ. ನಾನು 'ಬಸವ' ಅಂತ ಹೊಡೆದೆ, ಪಾಸು. 'ಬಸವಣ್ಣ' ಅಂತ ಹೊಡೆದೆ, ಫೇಲು. 'ಕಮಲ' ಒಳಗೆ, 'ವಿಮಲ' ಹೊರಗೆ. ಹುಡುಗ ಬೆಚ್ಚಿಬಿದ್ದ. ಯಾಕೆಂದರೆ ನಮ್ಮ ಗುಣಿತದ ಚಿಹ್ನೆಗಳು, ಒತ್ತು ಹುಟ್ಟಿಸುವ ಅರ್ಧಾಕ್ಷರದ ಚಿಹ್ನೆ, ಇವು ಯೂನಿಕೋಡಿನ ಲೆಕ್ಕದಲ್ಲಿ ಲೆಟರ್ ಅಲ್ಲ, 'ಮಾರ್ಕ್' ಅನ್ನುವ ಬೇರೆ ವರ್ಗ. ಎರಡನ್ನೂ ಬಿಡಬೇಕು. ಉದ್ದದ ಲೆಕ್ಕವೂ ಹಾಗೇ. 'ಲಕ್ಷ್ಮೀ' ನಮಗೆ ಎರಡಕ್ಷರ, ಕಂಪ್ಯೂಟರಿಗೆ ಏಳು. ಹತ್ತಕ್ಷರದ ಮಿತಿ ಇಟ್ಟು ಕೂತರೆ ಲಕ್ಷ್ಮೀನಾರಾಯಣ ನಾರಾಯಣದ ಮಧ್ಯದಲ್ಲೇ ನಿಂತುಹೋಗುತ್ತಾನೆ. ಐದು ನಿಮಿಷ ಹೇಳಿಕೊಟ್ಟೆ, ಹುಡುಗನ ಮುಖ ಅರಳಿತು. ಕಾಲ್‌ನಲ್ಲಿದ್ದ ಅವತಾರ ಪುರುಷರೆಲ್ಲ ಅಷ್ಟರಲ್ಲಿ ಮತ್ತೆ ಹಸಿರು ಬಣ್ಣಕ್ಕೆ ಹೋಗಿದ್ದರು.

ಈಗ ಕೆಲವರು ಕಾಮೆಂಟಲ್ಲಿ ಬರುತ್ತೀರಿ, ಗೊತ್ತು. 'ಅತಿಯಾದರೆ ಅಮೃತವೂ ವಿಷ', ಎಲ್ಲ ಸರಿ ಮಾಡ್ತಾ ಕೂತರೆ ಸೈಟು ಲೈವ್ ಆಗುವುದು ಯಾವಾಗ, ವೆಬ್ ಅನ್ನೋದೇ ಅಡ್ಜಸ್ಟ್ ಮಾಡಿಕೊಂಡು ನಡೆಯುವ ವ್ಯವಹಾರ ಅಂತ. ಒಪ್ಪಿದೆ. ನಿಮ್ಮ ಪರವಾಗಿ ನಾನೇ ವಾದ ಮಾಡುತ್ತೇನೆ, ಕೇಳಿ. ನಾವು ಲಿಂಕ್ ಒತ್ತಿದಾಗ ಯಾವ ಪೇಜಿಂದ ಬಂದೆವು ಅಂತ ಬ್ರೌಸರ್ ಹೇಳುತ್ತದಲ್ಲ, ಆ ರೆಫರರ್ ಅನ್ನೋ ಹೆಡರಿನ ಇಂಗ್ಲಿಷ್ ಸ್ಪೆಲಿಂಗಲ್ಲಿ ಒಂದು 'ಆರ್' ಬಿಟ್ಟುಹೋಗಿದೆ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮಗಳ, ಅಂದರೆ ಎಚ್‌ಟಿಟಿಪಿಯ, 1996ರ ದಾಖಲೆಯಲ್ಲೇ ಹಾಗಿದೆ, ಇವತ್ತಿಗೂ ಹಾಗೇ ಇದೆ. ಪ್ರಪಂಚ ಮುಳುಗಲಿಲ್ಲ.

ಇನ್ನೂ ದೊಡ್ಡ ಸಾಕ್ಷಿ ಬೇಕಾದರೆ ಎಕ್ಸ್‌ಎಚ್‌ಟಿಎಂಎಲ್. 2000ದಲ್ಲಿ ಬಂತು. ಪೇಜುಗಳನ್ನು ಬರೆಯುವ ಭಾಷೆ ಎಚ್‌ಟಿಎಂಎಲ್ ಇದೆಯಲ್ಲ, ಮಡಿವಂತರ ಎಚ್‌ಟಿಎಂಎಲ್ ಅದು. ಒಂದು ಟ್ಯಾಗ್ ಮುಚ್ಚುವುದು ಮರೆತರೂ ಬ್ರೌಸರ್ ಪೇಜು ತೋರಿಸಬಾರದು, ತಪ್ಪು ತೋರಿಸಬೇಕು. ಫೈರ್‌ಫಾಕ್ಸಿನಲ್ಲಿ ಹಳದಿ ಬಣ್ಣದ ಎರರ್ ಪರದೆ ಬರುತ್ತಿತ್ತು, ಹಳಬರಿಗೆ ನೆನಪಿರಬಹುದು. ಎಷ್ಟೋ ಜನ ಎಕ್ಸ್‌ಎಚ್‌ಟಿಎಂಎಲ್ ಅಂತ ಬರೆದು, ಸರ್ವರಿನಿಂದ ಮಾಮೂಲಿ ಎಚ್‌ಟಿಎಂಎಲ್ ಅಂತಲೇ ಕಳಿಸಿ ಪಾರಾಗುತ್ತಿದ್ದರು. ಮಡಿ ಉಟ್ಟ ಹಾಗೆ ತೋರಿಸಿಕೊಳ್ಳೋದು, ಅಷ್ಟೇ. 2004ರಲ್ಲಿ ಆಪಲ್, ಮೊಜಿಲ್ಲಾ, ಒಪೆರಾದವರು ಇದು ಆಗುವ ಹೋಗುವ ಮಾತಲ್ಲ ಅಂತ ಬೇರೆ ಗುಂಪು ಕಟ್ಟಿದರು. 2009ರಲ್ಲಿ ವೆಬ್ಬಿನ ನಿಯಮ ಬರೆಯುವ ಸಂಸ್ಥೆ ಡಬ್ಲ್ಯು3ಸಿ ಎಕ್ಸ್‌ಎಚ್‌ಟಿಎಂಎಲ್ 2ರ ಕೆಲಸವನ್ನೇ ಕೈಬಿಟ್ಟಿತು. ಗೆದ್ದದ್ದು ಎಚ್‌ಟಿಎಂಎಲ್ 5. ಜನ ತಪ್ಪು ಬರೆದೇ ಬರೆಯುತ್ತಾರೆ, ಬರೆದರೆ ಬ್ರೌಸರ್ ಹೇಗೆ ಸುಧಾರಿಸಿಕೊಳ್ಳಬೇಕು ಅನ್ನೋದನ್ನೂ ಅದರಲ್ಲಿ ಬರೆದಿಟ್ಟರು.

ಆಯ್ತಾ? ಪರ್ಫೆಕ್ಷನ್ ಸೋತಿತು, ಪ್ರಾಕ್ಟಿಕಲ್ ಗೆದ್ದಿತು. ಆದರೆ ಆ ಗೆಲುವಿನಲ್ಲಿ ಕಷ್ಟಪಟ್ಟವರು ಯಾರು ಅಂತ ನೋಡಿ. ಬ್ರೌಸರ್ ಮಾಡುವವರು. ಓದುವವನಿಗೆ ಪೇಜು ಕಾಣಲಿ ಅಂತ ಹರಕುಮುರುಕು ಟ್ಯಾಗುಗಳ ಹೊರೆಯನ್ನೆಲ್ಲ ಅವರು ಹೊತ್ತುಕೊಂಡರು. ಎಚ್‌ಟಿಎಂಎಲ್‌ನ ವಿನ್ಯಾಸ ತತ್ವಗಳಲ್ಲಿ, 2007ರ ಕರಡಿನಲ್ಲೇ ಇದೆ: ಜಗಳ ಬಂದರೆ ಮೊದಲು ಬಳಸುವವರ ಮಾತು, ಆಮೇಲೆ ಪೇಜು ಬರೆಯುವವರದು, ಆಮೇಲೆ ಬ್ರೌಸರ್ ಮಾಡುವವರದು, ಆಮೇಲೆ ನಿಯಮ ಬರೆಯುವವರದು, ಕೊನೆಯಲ್ಲಿ ಶಾಸ್ತ್ರಶುದ್ಧಿ. ನಮ್ಮ ಕಾಲ್‌ನಲ್ಲಿ ಈ ಸಾಲು ಪೂರ್ತಿ ತಿರುಗುಮುರುಗು. ಮೂಲೆಯ ದುಂಡಿಗೆ ಮೊದಲ ಮಣೆ. ಹೊರೆ ಮಾತ್ರ ಮಂಜುನಾಥ ಎಚ್. ಕೆ. ಹೊರಬೇಕು.

ಅದಕ್ಕೇ ನನಗೆ ಮೈ ಉರಿಯುವುದು. ನಮಗೆ ಖುಷಿ ಕೊಡುವ ಜಾಗದಲ್ಲಿ ಪರ್ಫೆಕ್ಷನ್, ಬಳಸುವವನಿಗೆ ಬೇಕಾದ ಜಾಗದಲ್ಲಿ ಪ್ರಾಕ್ಟಿಕಲ್. ಮದುವೆ ಮಂಟಪಕ್ಕೆ ಆರ್ಕಿಡ್ ತರಿಸಿ, ಊಟದ ಪಂಕ್ತಿಯಲ್ಲಿ ನೀರು ಬಡಿಸುವವರಿಲ್ಲ ಅಂದರೆ ಯಾರಾದರೂ ಅದನ್ನು ಜಾಣತನ ಅನ್ನುತ್ತಾರಾ?

ಲೈಟ್‌ಹೌಸ್ ಬಗ್ಗೆ ಒಂದು ಮಾತು ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಗೂಗಲ್‌ನವರ ಟೂಲು, ಸೈಟಿಗೆ ಅಂಕ ಕೊಡುತ್ತದೆ, 90 ದಾಟಿದರೆ ಹಸಿರು ವೃತ್ತ. ನಮ್ಮಲ್ಲಿ ಆ ಹಸಿರು ವೃತ್ತದ ಸ್ಕ್ರೀನ್‌ಶಾಟನ್ನು ಗ್ರೂಪಿಗೆ ಹಾಕಿ ಚಪ್ಪಾಳೆ ತಟ್ಟಿಕೊಳ್ಳುತ್ತಾರೆ. ಟೂಲು ಒಳ್ಳೆಯದೇ, ನಾನೂ ದಿನಾ ಬಳಸುತ್ತೇನೆ. ಆದರೆ 2019ರಲ್ಲಿ ಒಬ್ಬ ಡೆವಲಪರ್ ಬೇಕಂತಲೇ ಯಾರೂ ಬಳಸಲಾಗದ ಒಂದು ಪೇಜು ಕಟ್ಟಿ, ಅದಕ್ಕೆ ಲೈಟ್‌ಹೌಸಿನ ಆ್ಯಕ್ಸೆಸಿಬಿಲಿಟಿ, ಅಂದರೆ ಅಂಗವಿಕಲರೂ ಸೇರಿ ಎಲ್ಲರೂ ಬಳಸಬಹುದೇ ಅಂತ ನೋಡುವ, ವಿಭಾಗದಲ್ಲಿ 100ಕ್ಕೆ 100 ತೆಗೆದು ತೋರಿಸಿದ. ಟೂಲು ಮಂಜುನಾಥರ ಹೆಸರನ್ನು ತುಂಬಿ ನೋಡುವುದಿಲ್ಲ ಮಾರಾಯ್ರೆ. ಅದನ್ನು ನಾವೇ ತುಂಬಿ ನೋಡಬೇಕು.

ನೋಡಿದ್ದೇನೆ. ಅಂದರೆ ಸಂಘದ ಕಾರ್ಯದರ್ಶಿಗಳಿಗೆ ಫೋನ್ ಮಾಡಿದ್ದೆ. ಟ್ರಯಲ್‌ಗೆ ಅಂತ ಕೊಟ್ಟ ಲಿಂಕಿನಲ್ಲಿ ಅವರು ಅರ್ಜಿ ತುಂಬಿಸುತ್ತಿದ್ದರು. "ಸೈಟು ಭಾರಿ ಚೆಂದ ಬಂದಿದೆ ಸಾರ್" ಅಂದರು. ಲಾಸ್ಟ್ ನೇಮಿಗೆ ಏನು ಹಾಕುತ್ತಿದ್ದೀರಿ ಅಂತ ಕೇಳಿದೆ. "ಅದು ಕೇಳ್ತದಲ್ಲ, ಅದಕ್ಕೆ ನಮ್ಮ ಗುಮಾಸ್ತರು ಎಲ್ಲರಿಗೂ ಊರಿನ ಹೆಸರೇ ಹಾಕ್ತಾ ಇದಾರೆ ಸಾರ್. ಏನೂ ತೊಂದ್ರೆ ಇಲ್ಲ." ನಮ್ಮ ಡೇಟಾಬೇಸಿನಲ್ಲಿ ಈಗ ಇಡೀ ಊರು ಒಂದೇ ಮನೆತನ. ನಾಳೆ ಸಾಲದ ಅರ್ಜಿ ಆಧಾರಿನ ಜೊತೆ ಹೊಂದುವುದಿಲ್ಲ ಅಂತ ವಾಪಸ್ ಬಂದಾಗ ಸಂಘದ ಮುಂದೆ ಬಿಸಿಲಲ್ಲಿ ನಿಲ್ಲುವವರು ಅವರು, ನಾವಲ್ಲ. ಬಿಸಿಲಲ್ಲಿ ನಮ್ಮ ಸೈಟು ಕಾಣುವುದೂ ಇಲ್ಲ, ಅದು ಬೇರೆ ಮಾತು. ಬಿಳಿಯ ಮೇಲೆ ತಿಳಿ ಬೂದು ಅಕ್ಷರ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಕಾಂಟ್ರಾಸ್ಟ್ ಕನಿಷ್ಠ 4.5ಕ್ಕೆ 1 ಇರಬೇಕು ಅಂತ ಆ್ಯಕ್ಸೆಸಿಬಿಲಿಟಿಯ ನಿಯಮಾವಳಿ ಡಬ್ಲ್ಯುಸಿಎಜಿ ಹೇಳಿದರೆ 'ಗಾಢ ಬಣ್ಣ ಹಾಕಿದರೆ ಪ್ರೀಮಿಯಂ ಫೀಲ್ ಹೋಗುತ್ತೆ' ಅನ್ನುತ್ತಾರೆ.

ದುಡ್ಡಿನ ಮಾತೂ ಬರುತ್ತದೆ. ಕ್ಲೈಂಟ್ ಕೊಡುವ ಕಾಸಿಗೆ ಇಷ್ಟೇ ಅಂತ. ಸರಿ, ಕಾಸು ಕಮ್ಮಿ ಇದ್ದರೆ ಕಮ್ಮಿ ಕೆಲಸ ಮಾಡೋಣ. ಆ್ಯನಿಮೇಷನ್ ಬಿಡೋಣ, ಸ್ಕ್ರೋಲ್ ಮಾಡಿದರೆ ಅಡಿಕೆ ಗೊನೆ ತೇಲಿ ಬರುವುದನ್ನು ಬಿಡೋಣ. ಅದನ್ನು ಬಿಡೋಣ ಅಂದರೆ ಎಲ್ಲರ ಮುಖ ಸಪ್ಪಗಾಗುತ್ತದೆ.

ಸಪ್ಪಗಾಗುವುದು ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ನನಗೂ ಆ ಕೆಲಸ ಇಷ್ಟ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಐಕಾನುಗಳನ್ನು ಒಂದೊಂದೇ ಪಿಕ್ಸೆಲ್ ಸರಿಸುತ್ತಾ ಕೂರುವುದರಲ್ಲಿ ಒಂದು ಸುಖ ಇದೆ. ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ಮುಗಿದಾಗ ಮುಗಿಯಿತು ಅಂತ ಗೊತ್ತಾಗುತ್ತದೆ. ಫಾರ್ಮಿನ ಕೆಲಸ ಹಾಗಲ್ಲ. ಕಾರ್ಯದರ್ಶಿಗಳಿಗೆ ಫೋನ್ ಮಾಡಬೇಕು, ಗುಮಾಸ್ತರ ಹತ್ತಿರ 'ನೀವು ಹೇಗೆ ತುಂಬುತ್ತೀರಿ' ಅಂತ ಕೇಳಬೇಕು, ಕೇಳಿದ ಮೇಲೆ ನಾವು ಮಾಡಿದ್ದು ಅರ್ಧ ತಪ್ಪು ಅಂತ ಗೊತ್ತಾಗುತ್ತದೆ. ಯಾರಿಗೆ ಬೇಕು ಆ ರಗಳೆ? ಮೂಲೆ ದುಂಡು ಮಾಡೋದೇ ಸುಖ. ಸುಮ್ನೆ ಅದಕ್ಕೆ ಕ್ವಾಲಿಟಿ ಅಂತ ಹೆಸರಿಟ್ಟು ನಮಗೆ ಉಪದೇಶ ಮಾಡಬೇಡಿ, ಅಷ್ಟೇ ನನ್ನ ತಕರಾರು.

ಕೊನೆಗೆ ಏನಾಯಿತು ಅಂದರೆ, ಬಟನ್ ಮೂಲೆ 8 ಪಿಕ್ಸೆಲ್ ಅಂತ ತೀರ್ಮಾನವಾಯಿತು. ಒತ್ತಕ್ಷರದ ಸಾಲನ್ನು ನಾನು ಯಾರನ್ನೂ ಕೇಳದೆ ಹಾಕಿ ಕಳಿಸಿದ್ದೇನೆ, ಯಾರಾದರೂ ಗಮನಿಸಿದರೆ ನೋಡಿಕೊಳ್ಳೋಣ. ಹೆಸರಿನ ಎರಡು ಬಾಕ್ಸನ್ನು ಒಂದು ಮಾಡಿ, 'ಆಧಾರಿನಲ್ಲಿ ಇರುವ ಹಾಗೆ ಪೂರ್ತಿ ಹೆಸರು' ಅಂತ ಮಾಡುವ ಪ್ರಸ್ತಾಪಕ್ಕೆ ನಾಳೆ ಬೆಳಿಗ್ಗೆ ಮತ್ತೊಂದು ಕಾಲ್ ಇಟ್ಟಿದ್ದಾರೆ. ಇದಕ್ಕೆ ಪುರಾವೆ ಬೇಕಂತೆ.

ಅದಕ್ಕೇ ನಿಮ್ಮ ಸಹಾಯ ಬೇಕು. ಲಾಸ್ಟ್ ನೇಮ್ ಇಲ್ಲದವರು, ಬರೀ ಇನಿಷಿಯಲ್ ಇರುವವರು, ಒಂದೇ ಹೆಸರಿನವರು, ಯಾವ ಯಾವ ಫಾರ್ಮುಗಳಲ್ಲಿ ಆ ಬಾಕ್ಸಿಗೆ ಏನೇನು ತುಂಬಿ ಪಾರಾಗಿದ್ದೀರಿ ಅಂತ ಕೆಳಗೆ ಬರೆಯಿರಿ. ನಿಜವಾದ ಹೆಸರು ಬೇಡ, ಅದೇ ರೀತಿಯ ಬೇರೆ ಹೆಸರು ಹಾಕಿದರೆ ಸಾಕು. ಇವತ್ತು ರಾತ್ರಿಯೇ ಬರೆಯಿರಿ. ಬೆಳಿಗ್ಗೆ ಹತ್ತು ಗಂಟೆಗೆ ಜಾನ್ ಡೋನನ್ನು ಡಿಲೀಟ್ ಮಾಡಬೇಕಿದೆ.