ಆ ಡ್ರಮ್ ತಂದವರು ಯಾರು?

ಕ್ರಿಸ್‌ಮಸ್‌ಗೆ ಬೆಳಗಾವಿ ಕ್ಯಾಂಪಿನ ನಮ್ಮ ಮನೆಗೆ ಗೋವಾದಿಂದ ಹದಿನಾಲ್ಕು ಜನ ಬಂದಿದ್ದಾರೆ. ಬರಲಿ, ಸಂತೋಷ. ಆದರೆ ಮಕ್ಕಳ ಕೈಗೆ ಪೀಪಿ, ಡ್ರಮ್ ಕೊಡೋದು ಯಾಕೆ?

ಕ್ರಿಸ್‌ಮಸ್‌ನ ಕರಿದ ಸಿಹಿತಿಂಡಿ ಕುಲ್ಕುಲ್‌ನ ಹಿಟ್ಟನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಮಾಡಬೇಕು. ನಾಲ್ಕು ವರ್ಷದ ಮಗಳು ಅರ್ಧ ಹಿಟ್ಟು ತಿಂದು, ಉಳಿದದ್ದನ್ನು ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕುರಿಗೆ ಮೆತ್ತಿದಳು. ‘ಮಕ್ಕಳಲ್ವಾ, ಬಿಡು’ ಅಂದರು ಅತ್ತೆ. ಒರೆಸಿದ್ದು ನಾನು!

24ರ ರಾತ್ರಿ ಚರ್ಚಿನ ಬಲಿಪೂಜೆಗೂ ಇಬ್ಬರು ಮಕ್ಕಳನ್ನು ಎಳೆದುಕೊಂಡು ಹೋದರು (ನಾನು ಬೇಡ ಅಂದಿದ್ದೆ). ಪ್ರವಚನ ಶುರುವಾಗುತ್ತಲೇ ಇಬ್ಬರೂ ನನ್ನ ಹೆಗಲ ಮೇಲೆ ನಿದ್ದೆ. ಬೆಳಿಗ್ಗೆ ಐದಕ್ಕೆ ಮತ್ತೆ ಡ್ರಮ್.

31ರ ರಾತ್ರಿ ಹಳೇ ವರ್ಷದ ಹೆಸರಲ್ಲಿ ಸುಡುವ ಓಲ್ಡ್ ಮ್ಯಾನ್ ಬೊಂಬೆಗೆ ಈಗ ಹುಲ್ಲು ತುಂಬುತ್ತಿದ್ದಾರೆ. ಹೊಟ್ಟೆಯಲ್ಲಿ ಒಂದು ಡ್ರಮ್ ಹಿಡಿಯುವಷ್ಟು ಜಾಗ ಇದೆ. ಸುಮ್ನೆ ನೋಡಿಟ್ಟುಕೊಂಡಿದ್ದೇನೆ.